ಪ್ರಶ್ನೋತ್ತರ: ಟ್ಯಾಸ್ಮೇನಿಯಾದ ‘ಕೊನೆಯವಳು’ ಕೊನೆಯವಳಲ್ಲ

ಆಸ್ಟ್ರೇಲಿಯಾದ ದಕ್ಷಿಣಕ್ಕೆ, ಸುಮಾರು 240 ಕಿಲೋಮೀಟರ್ ಅಗಲದ ಬಾಸ್ ಜಲಸಂಧಿ ದಾಟಿದರೆ ಸಿಗುವ ದ್ವೀಪರಾಜ್ಯ ಟ್ಯಾಸ್ಮೇನಿಯಾ, ರಾಜಧಾನಿ ಹೋಬಾರ್ಟ್. ವಿಸ್ತೀರ್ಣ ಸುಮಾರು 68,400 ಚದರ ಕಿ.ಮೀ. ಅಂದರೆ ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಒಂಚೂರು ಹೆಚ್ಚು. ಅಲ್ಲಿನ ಮೂಲನಿವಾಸಿಗಳ ಬಗ್ಗೆ, ಬ್ರಿಟಿಷರ ಕಾಲದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸಾಮಾನ್ಯ ಜ್ಞಾನದ ಗೈಡಿನಲ್ಲಿ ‘ಟ್ಯಾಸ್ಮೇನಿಯಾದ ಕೊನೆಯ ಮೂಲನಿವಾಸಿ ಟ್ರುಗನಿನಿ, ನಿಧನ 1876’ ಎಂದಿದೆ. ಹೋಬಾರ್ಟ್‌ನಲ್ಲಿರುವ ನಮ್ಮಣ್ಣ ಕಳೆದ ಜನವರಿಯಲ್ಲಿ ಮೂಲನಿವಾಸಿಗಳ ಮೆರವಣಿಗೆಯನ್ನೇ ನೋಡಿದೆ ಅನ್ನುತ್ತಾನೆ. ಪರೀಕ್ಷೆಯಲ್ಲಿ ಏನು ಬರೆಯಲಿ?
– ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ದಾವಣಗೆರೆ

ಉತ್ತರ: ನಿಮ್ಮಣ್ಣ ಹೇಳಿದ್ದೇ ಸರಿ, ಗೈಡು ತಪ್ಪು. 2021ರ ಜನಗಣತಿಯಲ್ಲಿ ಟ್ಯಾಸ್ಮೇನಿಯಾದ 5,57,571 ಜನರ ಪೈಕಿ 30,186 ಮಂದಿ ತಾವು ಮೂಲನಿವಾಸಿಗಳು ಅಥವಾ ಟಾರೆಸ್ ಜಲಸಂಧಿ ದ್ವೀಪದವರು ಎಂದು ಬರೆಸಿದ್ದಾರೆ. ನೂರಕ್ಕೆ ಐದಕ್ಕಿಂತ ಹೆಚ್ಚು. ಅಲ್ಲಿನವರು ತಮ್ಮನ್ನು ‘ಪಲವ’ ಅಥವಾ ‘ಪಕಾನ’ ಎಂದು ಕರೆದುಕೊಳ್ಳುತ್ತಾರೆ, ದ್ವೀಪವನ್ನು ‘ಲುಟ್ರುವೀಟ’ ಎನ್ನುತ್ತಾರೆ.

ಹಾಗಾದರೆ ‘ಕೊನೆಯವಳು’ ಎಂಬ ಮಾತು ಎಲ್ಲಿಂದ ಬಂತು? ಟ್ರುಗನಿನಿ 1876ರ ಮೇ 8ರಂದು ಹೋಬಾರ್ಟ್‌ನಲ್ಲಿ ತೀರಿಕೊಂಡಾಗ ವಸಾಹತು ಸರ್ಕಾರ ‘ಅಪ್ಪಟ ರಕ್ತ’ದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿತ್ತು. ಬಾಸ್ ಜಲಸಂಧಿಯ ದ್ವೀಪಗಳಲ್ಲಿ ಸೀಲ್ ಬೇಟೆಗಾರರಿಗೂ ಮೂಲನಿವಾಸಿ ಹೆಂಗಸರಿಗೂ ಹುಟ್ಟಿದ ಮಕ್ಕಳು, ಮೊಮ್ಮಕ್ಕಳು ಆ ಲೆಕ್ಕದಲ್ಲಿ ಬರಲೇ ಇಲ್ಲ. ಹೋಬಾರ್ಟ್‌ನ ದಕ್ಷಿಣಕ್ಕೆ ಹನ್ನೊಂದು ಮಕ್ಕಳನ್ನು ಸಾಕಿಕೊಂಡಿದ್ದ ಫ್ಯಾನಿ ಕೊಕ್ರೇನ್ ಸ್ಮಿತ್ (1834–1905) ಕೂಡ ಸರಿಯಾಗಿ ಬರಲಿಲ್ಲ. ಆಕೆ ಅಪ್ಪಟವೋ ಅರ್ಧವೋ ಎಂದು ಪಂಡಿತರು ಕೂದಲು, ಮೈಬಣ್ಣ ನೋಡಿ ವಾದ ಮಾಡುತ್ತ ಕೂತಿದ್ದರು. ಅದೇ ಸರ್ಕಾರ ಆಕೆಗೆ ಮೂಲನಿವಾಸಿ ಎಂದೇ ಪಿಂಚಣಿ ಕೊಡುತ್ತಿತ್ತು! 1899ರಲ್ಲಿ ಮತ್ತು 1903ರಲ್ಲಿ ಫ್ಯಾನಿ ತನ್ನ ಭಾಷೆಯ ಹಾಡುಗಳನ್ನು ಮೇಣದ ಸಿಲಿಂಡರುಗಳ ಮೇಲೆ ಹಾಡಿ ಮುದ್ರಿಸಿದರು. ಟ್ಯಾಸ್ಮೇನಿಯಾದ ಮೂಲಭಾಷೆಗಳ ದನಿಯಾಗಿ ಆ ಕಾಲದಿಂದ ನಮಗೆ ಉಳಿದಿರುವುದು ಅದೊಂದೇ.

ಒಂದು ಜನಾಂಗ ಮುಗಿದೇಹೋಯಿತು ಎಂದರೆ ಭೂಮಿ ಕೇಳುವವರೂ ಮುಗಿದರು ಎಂದಾಗುತ್ತದೆ. 1876 ಎಂಬ ವರ್ಷ ಇಷ್ಟು ಗಟ್ಟಿಯಾಗಿ ನಿಂತದ್ದು ಅದಕ್ಕೇ. ಟ್ಯಾಸ್ಮೇನಿಯಾದ ಕಾನೂನಿಗೂ ಅದು ಹೊಕ್ಕಿತ್ತು. 1975ರಲ್ಲಿ ಮೂಲನಿವಾಸಿ ಅವಶೇಷಗಳ ರಕ್ಷಣೆಗೆ ಮಾಡಿದ ಕಾಯ್ದೆಯಲ್ಲಿ 1876ರ ನಂತರದ ವಸ್ತು ‘ಅವಶೇಷ’ ಅಲ್ಲ ಎಂದೇ ಬರೆದಿತ್ತು. 2017ರ ತಿದ್ದುಪಡಿಯಲ್ಲಿ ಆ ಗಡಿ ತೆಗೆದರು. ನಲವತ್ತೆರಡು ವರ್ಷ ಹಿಡಿಯಿತು.

ಟ್ರುಗನಿನಿಯ ದೇಹಕ್ಕೆ ಆದದ್ದನ್ನೂ ಹೇಳಬೇಕು. ಆಕೆಗಿಂತ ಮೊದಲು 1869ರಲ್ಲಿ ಸತ್ತ ವಿಲಿಯಂ ಲ್ಯಾನ್ ಎಂಬ ಮೂಲನಿವಾಸಿಯ ತಲೆಬುರುಡೆಯನ್ನು ಶವಾಗಾರದಲ್ಲೇ ಕದ್ದಿದ್ದರು. ತನಗೂ ಅದೇ ಗತಿ ಆದೀತೆಂದು ಆಕೆ ಹೆದರಿ, ಬೂದಿಯನ್ನು ಹೋಬಾರ್ಟ್ ದಕ್ಷಿಣದ ಕಿರಿದಾದ ಕಡಲಪಟ್ಟಿ ಡೆಂಟ್ರಕಾಸ್ಟೊ ಕಾಲುವೆಯಲ್ಲಿ ಬಿಡಿ ಎಂದು ಕೇಳಿಕೊಂಡಿದ್ದಳು. ಹೂಳಿದ ಎರಡೇ ವರ್ಷಕ್ಕೆ, 1878ರಲ್ಲಿ, ಎಲುಬುಗಳನ್ನು ಅಗೆದು ತೆಗೆದರು. 1904ರಿಂದ 1947ರವರೆಗೆ ಹೋಬಾರ್ಟ್‌ನ ಮ್ಯೂಸಿಯಂನಲ್ಲಿ ಅಸ್ಥಿಪಂಜರ ಪ್ರದರ್ಶನಕ್ಕಿತ್ತು. ಕೇಳಿಕೊಂಡಂತೆ ದಹನ ಮಾಡಿ ಕಾಲುವೆಗೆ ಬೂದಿ ಬಿಟ್ಟದ್ದು 1976ರಲ್ಲಿ. ಲಂಡನ್ನಿನಲ್ಲಿ ಉಳಿದಿದ್ದ ಕೂದಲು, ಚರ್ಮದ ತುಣುಕು ಊರಿಗೆ ಮರಳಿದ್ದು 2002ರಲ್ಲಿ.

ಪರೀಕ್ಷೆಯಲ್ಲಿ ಏನು ಬರೆಯಬೇಕು ಅಂದಿರಿ. ಪ್ರಶ್ನೆ ಬಂದರೆ ಅಂಕಕ್ಕಾಗಿ ಟ್ರುಗನಿನಿ ಎಂದೇ ಗುರುತು ಹಾಕಿ, ಬೇರೆ ದಾರಿಯಿಲ್ಲ. ಮನಸ್ಸಿನಲ್ಲಿ ಮಾತ್ರ ಬೇರೆ ಇಟ್ಟುಕೊಳ್ಳಿ.

ಪ್ರಶ್ನೆ: ಬ್ರಿಟಿಷರಿಗೂ ಅಲ್ಲಿನವರಿಗೂ ಯುದ್ಧವೇ ನಡೆಯಿತಂತೆ. ಅಷ್ಟು ದೊಡ್ಡ ದ್ವೀಪ, ಅಷ್ಟು ಕಡಿಮೆ ಜನ. ಜಾಗ ಸಾಲದೆ ಹೋಯಿತೆ?
– ಕೃಷಿಕರು, ಹಿರಿಯೂರು

ಉತ್ತರ: ಜಾಗಕ್ಕೆ ಬರವಿರಲಿಲ್ಲ. ಜಗಳ ಹುಲ್ಲಿನದು. ಕುರಿ ಸಾಕುವ ಸೀಮೆಯ ನಿಮಗೆ ಇದು ಬೇಗ ಅರ್ಥವಾದೀತು.

ಮನುಷ್ಯರು ಅಲ್ಲಿಗೆ ಸುಮಾರು 40,000 ವರ್ಷದ ಹಿಂದೆ, ಆಗ ಸಮುದ್ರಮಟ್ಟ ತಗ್ಗಿದ್ದರಿಂದ, ನೆಲದ ಮೇಲೆ ನಡೆದೇ ಹೋದರು. ಹಿಮಯುಗ ಕಳೆದು ನೀರು ಏರಿ, ಸುಮಾರು ಹನ್ನೆರಡು ಸಾವಿರ ವರ್ಷದ ಹಿಂದೆ ದ್ವೀಪ ಬೇರೆಯಾಯಿತು. ಬಿಳಿಯರು ಬರುವಾಗ ಒಂಬತ್ತು ದೊಡ್ಡ ಪಂಗಡಗಳಿದ್ದವು. ಒಟ್ಟು ಜನಸಂಖ್ಯೆಯ ಅಂದಾಜು 3,000ದಿಂದ 15,000ದವರೆಗೂ ಹರಡಿದೆ. ಇವರು ಬಿತ್ತುತ್ತಿರಲಿಲ್ಲ, ಆದರೆ ಬೆಂಕಿ ಹಾಕುತ್ತಿದ್ದರು. ಪೊದೆಗಾಡನ್ನು ಹದವರಿತು, ತುಂಡು ತುಂಡಾಗಿ ಸುಟ್ಟರೆ ಆ ಜಾಗದಲ್ಲಿ ಎಳೆ ಹುಲ್ಲು ಬರುತ್ತದೆ. ಹುಲ್ಲಿಗೆ ಕಾಂಗರೂ, ವಾಲಬಿ ಬರುತ್ತವೆ, ಬೇಟೆ ಸುಲಭ. ಸುಡುವುದು ನಿಂತರೆ ಕೆಲವೇ ವರ್ಷದಲ್ಲಿ ಪೊದೆ ಮತ್ತೆ ಮುಚ್ಚಿಕೊಳ್ಳುತ್ತದೆ. ಹೀಗೆ ತಲೆತಲಾಂತರದಿಂದ ಬೆಂಕಿಯಲ್ಲಿ ಹದ ಮಾಡಿಟ್ಟ ಬಯಲುಗಳು ಇಂದಿನ ಹೋಬಾರ್ಟ್ ಮತ್ತು ಲಾನ್ಸೆಸ್ಟನ್ ನಡುವಿನ ಮಿಡ್ಲ್ಯಾಂಡ್ಸ್‌ನಲ್ಲಿ ಹರಡಿದ್ದವು. ಬಂದವರು ಅದನ್ನು ನೋಡಿ, ದೇವರೇ ಕುರಿಗಾಗಿ ಮಾಡಿಟ್ಟ ಹುಲ್ಲುಗಾವಲು ಅಂದುಕೊಂಡರು. ಮಾಡಿದ್ದು ದೇವರಲ್ಲ.

1803ರ ಸೆಪ್ಟೆಂಬರಿನಲ್ಲಿ ರಿಸ್ಡನ್ ಕೋವ್ ಎಂಬಲ್ಲಿ 49 ಮಂದಿಯಿಂದ ಮೊದಲ ಬ್ರಿಟಿಷ್ ಠಾಣೆ ಶುರುವಾಯಿತು. 1804ರ ಮೇ 3ರಂದು ಅಲ್ಲೇ ಕಾಂಗರೂ ಬೇಟೆಗೆ ಹೆಂಗಸರು ಮಕ್ಕಳ ಸಮೇತ ಬಂದ ಗುಂಪಿನ ಮೇಲೆ ಸೈನಿಕರು ಗುಂಡು, ಫಿರಂಗಿ ಹಾರಿಸಿದರು. ಆದರೂ ಮುಂದಿನ ಹದಿನೈದು ವರ್ಷ ದೊಡ್ಡ ಯುದ್ಧವಿರಲಿಲ್ಲ, ಯಾಕೆಂದರೆ ಬಿಳಿಯರು ಕಡಿಮೆ, ಕುರಿಯೂ ಕಡಿಮೆ. 1820ರ ನಂತರ ಲೆಕ್ಕ ಬದಲಾಯಿತು. ಎಷ್ಟು ಬಂಡವಾಳ ತಂದರೆ ಅಷ್ಟು ಭೂಮಿ ಪುಕ್ಕಟೆ, ದುಡಿಯಲು ಕೂಲಿಯಿಲ್ಲದ ಕೈದಿಗಳು. 1830ರ ಹೊತ್ತಿಗೆ ವಲಸಿಗರು ಸುಮಾರು 23,500, ಕುರಿಗಳು ಸುಮಾರು ಹತ್ತು ಲಕ್ಷ. ಕಾಂಗರೂ ಮೇಯುವ ಬಯಲು ಹೋಯಿತು, ನೀರಿನ ದಡ ಹೋಯಿತು. ಹೆಂಗಸರನ್ನು, ಮಕ್ಕಳನ್ನು ಹೊತ್ತೊಯ್ಯುವುದೂ ನಡೆದಿತ್ತು. ‘ಬ್ಲ್ಯಾಕ್ ವಾರ್’ ಎಂದು ಕರೆಯುವ 1824–31ರ ಕಾದಾಟ ಹೊತ್ತಿಕೊಂಡದ್ದು ಹೀಗೆ. ವಲಸಿಗರ ಕಡೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಮೂಲನಿವಾಸಿಗಳಲ್ಲಿ 600ರಿಂದ 900.

ಆ ಕಾದಾಟಕ್ಕೆ ಒಂದು ಹೊತ್ತುಗೊತ್ತು ಇತ್ತು. ಕತ್ತಲಲ್ಲಿ ಓಡಾಡಲು ಮೂಲನಿವಾಸಿಗಳು ಅಂಜುತ್ತಿದ್ದರು, ಹಾಗಾಗಿ ಅವರು ಗುಡಿಸಲುಗಳ ಮೇಲೆ ಬೀಳುತ್ತಿದ್ದುದು ಹಗಲಿನಲ್ಲಿ. ಬಿಳಿಯರು ರಾತ್ರಿ ಎಲ್ಲಿ ಬೆಂಕಿ ಕಾಣುತ್ತದೆ ಎಂದು ಹುಡುಕಿ, ಮಲಗಿದ್ದ ಗುಂಪಿನ ಮೇಲೆ ನಸುಕಿಗೆ ಗುಂಡು ಹಾರಿಸುತ್ತಿದ್ದರು. ಆ ಚಳಿಯಲ್ಲಿ ಬೆಂಕಿಯಿಲ್ಲದೆ ಮಲಗುವಂತಿಲ್ಲ, ಬೆಂಕಿ ಹಾಕಿದರೆ ಸಾವು.

ಪ್ರಶ್ನೆ: ‘ಬ್ಲ್ಯಾಕ್ ಲೈನ್’ ಎಂದರೆ ಬೇಲಿಯೋ ಗೋಡೆಯೋ? ಅದು ಸೋತದ್ದು ಏಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಲಿಯೂ ಅಲ್ಲ ಗೋಡೆಯೂ ಅಲ್ಲ, ಮನುಷ್ಯರ ಸಾಲು. ಮಲೆನಾಡಿನವರಿಗೆ ‘ಸೋವು’ ಎಂದರೆ ಸಾಕು: ಒಂದು ಕಡೆಯಿಂದ ಜನ ಸಾಲುಗಟ್ಟಿ ಸೋಹುತ್ತ ಬರುವುದು, ಬೇಟೆ ಎದುರಿನ ಇಕ್ಕಟ್ಟಿಗೆ ಓಡುವುದು. ಗವರ್ನರ್ ಜಾರ್ಜ್ ಆರ್ಥರ್ ಇದನ್ನೇ 1830ರ ಅಕ್ಟೋಬರ್ 7ರಿಂದ ಮನುಷ್ಯರ ಮೇಲೆ ನಡೆಸಿದ. ಅದಕ್ಕೂ ಮೊದಲು, 1828ರ ನವೆಂಬರ್ 1ರಿಂದ, ಸೈನಿಕ ಕಾನೂನು ಜಾರಿಯಲ್ಲಿತ್ತು. 1830ರ ಫೆಬ್ರವರಿಯಿಂದ ಜೀವಂತ ಹಿಡಿದು ತಂದರೆ ದೊಡ್ಡವರಿಗೆ 5 ಪೌಂಡ್, ಮಗುವಿಗೆ 2 ಪೌಂಡ್ ಇನಾಮು.

ಸುಮಾರು 2,200 ಮಂದಿ. ಸೈನಿಕರು 550ರಷ್ಟು, ಕೈದಿಗಳು 738, ಉಳಿದವರು ಸ್ವತಂತ್ರ ವಲಸಿಗರು. ಸಾವಿರ ಬಂದೂಕು, 30,000 ತೋಟಾ, 300 ಜೊತೆ ಕೈಕೋಳ. ಕೈಕೋಳದ ಸಂಖ್ಯೆ ನೋಡಿದರೆ ಎಷ್ಟು ಜನ ಸಿಗುತ್ತಾರೆಂದು ಲೆಕ್ಕ ಹಾಕಿದ್ದರು ಎಂದು ತಿಳಿಯುತ್ತದೆ. ಸಾಲಿನ ಉದ್ದ 300 ಕಿ.ಮೀ.ಗೂ ಹೆಚ್ಚು. ಸೋಹಬೇಕಾದ ದಿಕ್ಕು ಆಗ್ನೇಯಕ್ಕೆ, ಕಿರಿದಾದ ಭೂಕಂಠ ದಾಟಿಸಿ ಟ್ಯಾಸ್ಮನ್ ಪರ್ಯಾಯ ದ್ವೀಪದ ಒಳಕ್ಕೆ. ನಮ್ಮ ಕಾಕನಕೋಟೆಯ ಖೆಡ್ಡಾದಲ್ಲಿ ಆನೆಗಳನ್ನು ಬಾಯಿ ಕಿರಿದಾಗುವ ದೊಡ್ಡಿಗೆ ನುಗ್ಗಿಸಿದ ಹಾಗೆ.

ಸೋತದ್ದೇಕೆ ಎಂದರೆ, ಮೊದಲನೆಯದು ಸರಳ ಭಾಗಾಕಾರ. 300 ಕಿ.ಮೀ.ಗೆ 2,200 ಜನ ಎಂದರೆ, ಎಲ್ಲರೂ ಒಂದೇ ಸಾಲಿನಲ್ಲಿ ನಿಂತರೂ ತಲೆಗೆ 136 ಮೀಟರ್ ಬರುತ್ತದೆ. ಕಣಿವೆ, ಮುಳ್ಳುಪೊದೆ, ಮಳೆ ಇರುವಲ್ಲಿ ಅಷ್ಟು ಅಂತರದಲ್ಲಿ ಪಕ್ಕದವನ ಟೋಪಿಯೂ ಕಾಣುವುದಿಲ್ಲ. ಸಾಲು ಮುಂದೆ ಹೋದಂತೆ ಕಿರಿದಾಗಿ ಬಿಗಿಯಾಗಬೇಕಿತ್ತು, ಆದರೆ ಗುಡ್ಡ ಸುತ್ತಿದವರು ಹಿಂದೆ, ಬಯಲಲ್ಲಿ ನಡೆದವರು ಮುಂದೆ ಆಗಿ ಅಲ್ಲಲ್ಲಿ ಬಿಟ್ಟುಹೋಯಿತು. ಬೂಟು ಹರಿಯಿತು, ಬಟ್ಟೆ ಚಿಂದಿಯಾಯಿತು, ಹಿಟ್ಟಿನ ಗಾಡಿ ಹಿಂದೆ ಬಿತ್ತು. ರಾತ್ರಿ ಕಾವಲಿಗೆ ಹಾಕಿದ ಬೆಂಕಿಗಳು ಸಾಲಿನಲ್ಲಿ ಎಲ್ಲಿ ಜನರಿದ್ದಾರೆ, ಎಲ್ಲಿಲ್ಲ ಎಂದು ತಾವೇ ಹೇಳಿಕೊಟ್ಟವು. ಏಳು ವಾರ ಕಳೆದು, ಸುಮಾರು 30,000 ಪೌಂಡ್ ಖರ್ಚಾದ ಮೇಲೆ ಸಿಕ್ಕವರು ಇಬ್ಬರು, ಸತ್ತವರು ಇಬ್ಬರು. ಅದೂ ಅಕ್ಟೋಬರ್ ಕೊನೆಯ ವಾರ ಸಾಲಿನಿಂದ ಮುಂದೆ ಹೋದ ಒಂದು ಸಣ್ಣ ತುಕಡಿಯ ಕೈಗೆ.

ಸುಮ್ಮನೆ ನಗೆಪಾಟಲು ಎಂದು ಬಿಡುವಂತಿಲ್ಲ. ಎದುರಿಗಿರುವವರು ಎಷ್ಟು ಸಾವಿರ ಎಂಬುದು ಆಗ ಮೂಲನಿವಾಸಿಗಳ ಕಣ್ಣಿಗೆ ಬಿತ್ತು. ಸಂಧಾನಕ್ಕೆಂದು ಕಾಡು ಸುತ್ತುತ್ತಿದ್ದ ಜಾರ್ಜ್ ಆಗಸ್ಟಸ್ ರಾಬಿನ್ಸನ್‌ನ ಜೊತೆ, ಟ್ರುಗನಿನಿ ಮೊದಲಾದವರ ನೆರವಿನಿಂದ, 1832ರ ಜನವರಿ 7ರಂದು ಹೋಬಾರ್ಟ್‌ಗೆ ನಡೆದು ಬಂದ ಕೊನೆಯ ಹೋರಾಟಗಾರರ ಗುಂಪಿನಲ್ಲಿ ಇದ್ದವರು 26 ಮಂದಿ: 16 ಗಂಡಸರು, 9 ಹೆಂಗಸರು, ಒಂದು ಮಗು. ಮುಂದಾಳು ಟಾಂಗರ್‌ಲಾಂಗೆಟರ್‌ಗೆ ಒಂದು ಕೈಯೇ ಇರಲಿಲ್ಲ. ಇಡೀ ವಸಾಹತನ್ನು ನಿದ್ದೆಗೆಡಿಸಿದ್ದು ಕೊನೆಕೊನೆಗೆ ಇಷ್ಟು ಜನ.

ಇನ್ನೊಂದು ಸಂಗತಿ. ಸೋಹಿ ತುಂಬಬೇಕೆಂದಿದ್ದ ಅದೇ ಟ್ಯಾಸ್ಮನ್ ಪರ್ಯಾಯ ದ್ವೀಪದಲ್ಲಿ, ಅದೇ 1830ರಲ್ಲಿ, ಪೋರ್ಟ್ ಆರ್ಥರ್ ಜೈಲು ಶುರುವಾಯಿತು. ಅದರ ಭೂಕಂಠಕ್ಕೆ ಅಡ್ಡಲಾಗಿ ಸರಪಳಿ ಹಾಕಿದ ನಾಯಿಗಳ ಸಾಲು ಕಟ್ಟಿ ಕೈದಿಗಳು ಓಡದಂತೆ ನೋಡಿಕೊಂಡರು. ನಾಯಿಗಳ ಸಾಲು ಮನುಷ್ಯರ ಸಾಲಿಗಿಂತ ಚೆನ್ನಾಗಿ ಕೆಲಸ ಮಾಡಿತು.

ಪ್ರಶ್ನೆ: ಮರದ ಹಲಗೆಯ ಮೇಲೆ ಚಿತ್ರ ಬರೆದು ಕಾನೂನು ಸಾರಿದರು ಎಂದು ಓದಿದೆ. ಆ ಚಿತ್ರ ಹೇಗಿತ್ತು?
– ಚಿತ್ರಕಲಾ ಶಿಕ್ಷಕಿ, ಧಾರವಾಡ

ಉತ್ತರ: ಸುಮಾರು 36 ಸೆಂ.ಮೀ. ಎತ್ತರ, 23 ಸೆಂ.ಮೀ. ಅಗಲದ ಪೈನ್ ಹಲಗೆ, ಮೇಲೆ ಎಣ್ಣೆಬಣ್ಣ. ಮೇಲಿಂದ ಕೆಳಕ್ಕೆ ನಾಲ್ಕು ಪಟ್ಟಿ. ಮೊದಲ ಪಟ್ಟಿಯಲ್ಲಿ ಬಿಳಿಯರೂ ಕರಿಯರೂ ಒಂದೇ ಥರದ ಬಟ್ಟೆ ತೊಟ್ಟು ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾರೆ, ಹೆಂಗಸರು ಒಬ್ಬರ ಕೂಸನ್ನು ಒಬ್ಬರು ಎತ್ತಿಕೊಂಡಿದ್ದಾರೆ, ನಾಯಿಗಳೂ ಸ್ನೇಹಿತರು. ಎರಡನೆಯದರಲ್ಲಿ ಗವರ್ನರ್ ಮೂಲನಿವಾಸಿ ಮುಖಂಡನ ಕೈ ಕುಲುಕುತ್ತಿದ್ದಾನೆ. ಮೂರನೆಯದರಲ್ಲಿ ಕರಿಯ ಬಿಳಿಯನನ್ನು ಈಟಿಯಿಂದ ತಿವಿಯುತ್ತಾನೆ, ಪಕ್ಕದಲ್ಲೇ ಅವನನ್ನು ಮರಕ್ಕೆ ನೇಣು ಹಾಕಿದ್ದಾರೆ. ನಾಲ್ಕನೆಯದರಲ್ಲಿ ಬಿಳಿಯ ಕರಿಯನಿಗೆ ಗುಂಡಿಡುತ್ತಾನೆ, ಅವನಿಗೂ ಅದೇ ಮರ, ಅದೇ ಹಗ್ಗ.

1829–30ರ ಸುಮಾರಿಗೆ ಸರ್ವೇಯರ್ ಜನರಲ್ ಜಾರ್ಜ್ ಫ್ರಾಂಕ್ಲ್ಯಾಂಡ್ ಕೊಟ್ಟ ಸಲಹೆಯಂತೆ ಸುಮಾರು ನೂರು ಹಲಗೆ ಮಾಡಿಸಿ ಮರಗಳಿಗೆ ಹೊಡೆಸಿದರು. ಒಂದೇ ಅಚ್ಚಿನ ಗೆರೆ ಇಳಿಸಿಕೊಂಡು ಬಣ್ಣ ತುಂಬಿದ್ದರಿಂದ ಉಳಿದ ಕೆಲವು ಹಲಗೆಗಳಲ್ಲಿ ಆಕೃತಿಗಳು ಒಂದೇ, ಬಣ್ಣದ ಕೈವಾಡ ಮಾತ್ರ ಬೇರೆ ಬೇರೆ. ಹಳೆಯ ಮುದ್ರಣಗಳಲ್ಲಿ ಇದನ್ನು ‘ಗವರ್ನರ್ ಡೇವಿಯ ಘೋಷಣೆ, 1816’ ಎಂದು ಹಾಕಿರುತ್ತಾರೆ, ಅದು ತಪ್ಪು. ಮಕ್ಕಳಿಗೆ ತೋರಿಸುವಾಗ ನಾಲ್ಕನೇ ಪಟ್ಟಿಯ ಮೇಲೆ ಬೆರಳಿಟ್ಟು ಒಂದು ಮಾತು ಹೇಳಿ: 1825–26ರಲ್ಲಿ ನಾಲ್ವರು ಮೂಲನಿವಾಸಿಗಳು ಹೋಬಾರ್ಟ್‌ನಲ್ಲಿ ಗಲ್ಲಿಗೇರಿದರು. ಮೂಲನಿವಾಸಿಯನ್ನು ಕೊಂದದ್ದಕ್ಕೆ ಗಲ್ಲಿಗೇರಿದ ಬಿಳಿಯ ಆ ವಸಾಹತಿನಲ್ಲಿ ಒಬ್ಬನೂ ಇಲ್ಲ. ಮೂರು ಪಟ್ಟಿ ಬಿಟ್ಟುಬಿಟ್ಟರೂ ಆ ಒಂದು ಪಟ್ಟಿ ಪೂರಾ ಸುಳ್ಳು.

ಪ್ರಶ್ನೆ: ಕರ್ನಾಟಕಕ್ಕೂ ಟ್ಯಾಸ್ಮೇನಿಯಾಕ್ಕೂ ಏನಾದರೂ ನಂಟಿದೆಯೇ? ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ.
– ನಿವೃತ್ತ ಇತಿಹಾಸ ಉಪನ್ಯಾಸಕರು, ಮಂಡ್ಯ

ಉತ್ತರ: ಇದೆ. ಅದರಲ್ಲೂ ನಿಮ್ಮ ಮಂಡ್ಯ ಜಿಲ್ಲೆಗೆ.

ಹೋಬಾರ್ಟ್‌ನ ಮುಖ್ಯ ಬೀದಿಗಳಲ್ಲೊಂದು ಮಕ್ವಾರಿ ಸ್ಟ್ರೀಟ್. ಪಶ್ಚಿಮ ಕರಾವಳಿಯಲ್ಲಿ 1822ರಿಂದ 1833ರವರೆಗೆ ಭಯಂಕರ ಜೈಲಿದ್ದ ಕೊಲ್ಲಿ ಮಕ್ವಾರಿ ಹಾರ್ಬರ್. ಈ ಲಾಕ್ಲನ್ ಮಕ್ವಾರಿ 1810ರಿಂದ 1821ರವರೆಗೆ ನ್ಯೂ ಸೌತ್ ವೇಲ್ಸ್ ಗವರ್ನರ್, ಆಗ ಟ್ಯಾಸ್ಮೇನಿಯಾ ಅವನ ಕೈಕೆಳಗಿತ್ತು. 1811ರಲ್ಲಿ ಬಂದು ಹೋಬಾರ್ಟ್‌ನ ಬೀದಿಗಳ ನಕ್ಷೆ ಹಾಕಿಸಿದವನು ಅವನೇ. ಅದಕ್ಕೆ ಮೊದಲು ಅವನು ಬಾಂಬೆ ಪಡೆಯ ಜೊತೆ 1792ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ, ಎರಡನೆಯ ಸಲದ ಲೂಟಿಹಣದಲ್ಲಿ ಪಾಲೂ ಪಡೆದ.

ಬ್ಲ್ಯಾಕ್ ಲೈನ್ ನಡೆಸಿದ ಜಾರ್ಜ್ ಆರ್ಥರ್ 1836ರಲ್ಲಿ ಅಲ್ಲಿಂದ ಹೋದವನು 1842ರಿಂದ 1846ರವರೆಗೆ ಬಾಂಬೆಯ ಗವರ್ನರ್ ಆಗಿದ್ದ. ಆಗ ಧಾರವಾಡ, ಬೆಳಗಾವಿ ಬಾಂಬೆ ಪ್ರಾಂತ್ಯದಲ್ಲೇ ಇದ್ದವು.

ಎಲ್ಲಕ್ಕಿಂತ ವಿಚಿತ್ರವಾದದ್ದು ಮೂರನೆಯದು. ಶರಣಾದ ಮೂಲನಿವಾಸಿಗಳನ್ನು 1833ರಿಂದ ಬಾಸ್ ಜಲಸಂಧಿಯ ಫ್ಲಿಂಡರ್ಸ್ ದ್ವೀಪದ ವೈಬಲೆನ್ನ ಎಂಬ ಶಿಬಿರದಲ್ಲಿಟ್ಟರು. ಸುಮಾರು ಇನ್ನೂರು ಜನ ಹೋದರು. ಚಳಿಗಾಳಿ, ಕೆಟ್ಟ ನೀರು, ಉಪ್ಪು ಹಾಕಿದ ಮಾಂಸ, ಶ್ವಾಸಕೋಶದ ರೋಗ ಸೇರಿ, 1847ರಲ್ಲಿ ಹೋಬಾರ್ಟ್ ಹತ್ತಿರದ ಆಯ್ಸ್ಟರ್ ಕೋವ್‌ಗೆ ಸಾಗಿಸುವಾಗ ಉಳಿದದ್ದು 47. ವೈಬಲೆನ್ನದಲ್ಲಿ ಕಮಾಂಡೆಂಟ್, ಅಂದರೆ ಶಿಬಿರದ ಮುಖ್ಯ ಅಧಿಕಾರಿ, ಆಗಿದ್ದಾಗ ರಾಬಿನ್ಸನ್ ಎಲ್ಲರ ಹೆಸರನ್ನೂ ಬದಲಿಸಿದ. ನೆಪ್ಚೂನ್, ವಾಷಿಂಗ್ಟನ್, ಅಲೆಕ್ಸಾಂಡರ್ ಹೀಗೆ ತನಗೆ ಗೊತ್ತಿದ್ದ ದೊಡ್ಡ ಹೆಸರುಗಳನ್ನೆಲ್ಲ ಹಂಚಿದ. ದಾಖಲೆಯಲ್ಲಿ ಕಲಮರೋವೆನ್ಯೆ ಎಂದು ಸ್ವಂತ ಹೆಸರಿರುವ ಒಬ್ಬಾತನಿಗೆ ಸಿಕ್ಕಿದ್ದು ‘ಟಿಪ್ಪೂ’. ಶ್ರೀರಂಗಪಟ್ಟಣದ ಹೆಸರು ಇಂಗ್ಲಿಷರ ಬಾಯಲ್ಲಿ ಅಷ್ಟು ಹೊಕ್ಕಿತ್ತು.

1846ರ ಫೆಬ್ರವರಿ 17ರಂದು ವೈಬಲೆನ್ನದ ಎಂಟು ಗಂಡಸರು ವಿಕ್ಟೋರಿಯಾ ರಾಣಿಗೆ ಅರ್ಜಿ ಬರೆದರು. ನಾವು ಸೆರೆಯಾಳುಗಳಲ್ಲ, ಒಪ್ಪಂದ ಮಾಡಿಕೊಂಡು ನಮ್ಮ ನಾಡು ಬಿಟ್ಟುಕೊಟ್ಟು ಬಂದವರು, ಈ ಕಮಾಂಡೆಂಟ್ (ರಾಬಿನ್ಸನ್ ಅಲ್ಲ, ಅವನ ನಂತರ ಬಂದವನು) ನಮಗೆ ಬೇಡ ಎಂಬುದು ಅದರ ಸಾರ. ಮುಂದಾಳು ವಾಲ್ಟರ್ ಜಾರ್ಜ್ ಆರ್ಥರ್. ಹೆಸರು ಹಾಕಿದವರಲ್ಲಿ ‘ಕಿಂಗ್ ಟಿಪ್ಪೂ’ ಕೂಡ ಇದ್ದಾನೆ. ಕಮಾಂಡೆಂಟ್‌ನನ್ನು ತೆಗೆದರು. ಬ್ರಿಟಿಷರಿಗೆ ಅರ್ಜಿ ಹಾಕಿ ಗೆದ್ದ ಟಿಪ್ಪು ಇವನೊಬ್ಬನೇ ಇರಬೇಕು.

ಕಲ್ಕತ್ತದ ನಂಟನ್ನೂ ಸೇರಿಸುತ್ತೇನೆ. ಕಲ್ಕತ್ತದಿಂದ ಸಿಡ್ನಿಗೆ ಹೊರಟಿದ್ದ ‘ಸಿಡ್ನಿ ಕೋವ್’ ಹಡಗು 1797ರಲ್ಲಿ ಫ್ಲಿಂಡರ್ಸ್ ದ್ವೀಪದ ದಕ್ಷಿಣಕ್ಕೆ ಕೆಟ್ಟು ನಿಂತಿತು. ಸಹಾಯ ತರಲು ಹೊರಟ 17 ಮಂದಿಯಲ್ಲಿ 12 ಜನ ಭಾರತದ ಲಸ್ಕರ್ ನಾವಿಕರು. ಮುಟ್ಟಿದವರು ಮೂವರೇ. ಉಳಿದವರನ್ನು ಕರೆತರಲು ಹೋದ ಹಡಗುಗಳು ಅಲ್ಲಿನ ಸೀಲ್‌ಗಳ ಸುದ್ದಿ ತಂದವು, ಬೇಟೆಗಾರರು ಅದರ ಹಿಂದೆಯೇ ಹೋದರು.

ಪ್ರಶ್ನೆ: ನಾವು ಲಾನ್ಸೆಸ್ಟನ್‌ನಲ್ಲಿದ್ದೇವೆ. ಮಗನ ಶಾಲೆಯ ಪ್ರಾಜೆಕ್ಟಿಗೆ ಒಬ್ಬ ಕೈದಿಯ ಜೀವನ ಹುಡುಕಿ ಬರೆಯಬೇಕು. ಒಂದೇ ಹೆಸರಿನ ಹತ್ತಾರು ಜನ ಬರುತ್ತಾರೆ. ಏನು ಮಾಡಲಿ?
– ಕನ್ನಡ ಗೃಹಿಣಿ, ಲಾನ್ಸೆಸ್ಟನ್

ಉತ್ತರ: ಹೆಸರಿನ ಹಿಂದೆ ಹೋಗಬೇಡಿ, ಹಡಗಿನ ಹಿಂದೆ ಹೋಗಿ. ಬ್ರಿಟನ್ನಿನಿಂದ ಆ ದ್ವೀಪಕ್ಕೆ ಕರಿನೀರಿನ ಶಿಕ್ಷೆಗೆ ಬಂದವರು 1853ರವರೆಗೆ ಸುಮಾರು 75,000. ಅವರಲ್ಲಿ ಜಾನ್ ಸ್ಮಿತ್, ಮೇರಿ ಬ್ರೌನ್ ಎಷ್ಟಿದ್ದಾರೋ! ಆದರೆ ದಾಖಲೆಯಲ್ಲಿ ಪ್ರತಿಯೊಬ್ಬರ ಪಕ್ಕದಲ್ಲಿ ಹಡಗಿನ ಹೆಸರು, ಬಂದ ತಾರೀಖು ಇದ್ದೇ ಇರುತ್ತದೆ. ಒಂದೇ ಹಡಗು ಹಲವು ಸಲ ಬಂದಿರುವುದರಿಂದ ಹೆಸರಿನ ಜೊತೆ ವರ್ಷವನ್ನೂ ಗುರುತು ಹಾಕಿಕೊಳ್ಳಿ.

ಲೈಬ್ರರೀಸ್ ಟ್ಯಾಸ್ಮೇನಿಯಾ ಜಾಲತಾಣದ ‘ನೇಮ್ಸ್ ಇಂಡೆಕ್ಸ್’ ತೆರೆಯಿರಿ, ದುಡ್ಡು ಕೊಡಬೇಕಿಲ್ಲ. ಹೆಸರು ಹೊಡೆದು, ದಾಖಲೆಯ ಬಗೆಯಲ್ಲಿ ‘ಕನ್ವಿಕ್ಟ್ಸ್’ ಮಾತ್ರ ಉಳಿಸಿಕೊಳ್ಳಿ. ಹಡಗು ಹೊಂದುವವನನ್ನು ಆರಿಸಿದರೆ ಕೆಳಗೆ ಮೂಲಪುಸ್ತಕದ ಪುಟದ ಚಿತ್ರಗಳಿಗೆ ಕೊಂಡಿಗಳಿರುತ್ತವೆ. ನಿಮಗೆ ಬೇಕಾದ್ದು ನಡತೆಯ ಪುಸ್ತಕ. 1840ರವರೆಗೆ ಬಂದ ಗಂಡಸರಾದರೆ ‘ಕಾನ್ 31’ (ಇದು CON ಎಂಬ ಪುಸ್ತಕಸರಣಿಯ ಸಂಕೇತ), ಆಮೇಲಿನವರಾದರೆ ‘ಕಾನ್ 33’. ಹೆಂಗಸರಾದರೆ 1843ರವರೆಗೆ ಬಂದವರಿಗೆ ‘ಕಾನ್ 40’, ಆಮೇಲಿನವರಿಗೆ ‘ಕಾನ್ 41’. ಎತ್ತರ, ಕಣ್ಣಿನ ಬಣ್ಣ, ಹಚ್ಚೆ, ಗಾಯದ ಗುರುತು ಬೇಕಿದ್ದರೆ ಗಂಡಸರಿಗೆ ‘ಕಾನ್ 18’, ಹೆಂಗಸರಿಗೆ ‘ಕಾನ್ 19’. ಒಂದೇ ಹೆಸರು, ಒಂದೇ ಹಡಗು ಎಂಬ ಇಬ್ಬರು ಸಿಕ್ಕಿದರೆ ಬಿಡಿಸುವುದು ಹಚ್ಚೆಯೇ. ವಯಸ್ಸನ್ನು ನಂಬಬೇಡಿ, ಎರಡು ಪುಸ್ತಕದಲ್ಲಿ ಎರಡು ಬರೆದಿರುತ್ತದೆ.

ಓದುವಾಗ ತೊಂದರೆ ಕೊಡುವುದು ಸಂಕ್ಷೇಪಗಳು. ‘ಟಿ.ಎಲ್.’ ಎಂದರೆ ಟಿಕೆಟ್ ಆಫ್ ಲೀವ್, ಅಂದರೆ ಶಿಕ್ಷೆ ಮುಗಿಯುವ ಮೊದಲೇ ತನ್ನ ದುಡಿಮೆ ತಾನು ಮಾಡಿಕೊಳ್ಳಲು ಪರವಾನಗಿ. ‘ಸಿ.ಪಿ.’ ಎಂದರೆ ಷರತ್ತಿನ ಕ್ಷಮಾದಾನ. ಪುಟದಲ್ಲಿ ಹೆಚ್ಚಾಗಿ ಬರೆದಿರುವುದು ಅವನ ತಪ್ಪುಗಳು: ಕುಡಿದದ್ದು, ಎದುರು ಮಾತಾಡಿದ್ದು, ಕೆಲಸ ಬಿಟ್ಟು ಹೋದದ್ದು, ಅದಕ್ಕೆ ಬಿದ್ದ ಛಡಿಯೇಟು. ತಪ್ಪಿಲ್ಲದ ವರ್ಷಗಳು ಖಾಲಿ. ಮಗ ಆ ಖಾಲಿ ಜಾಗವನ್ನೂ ನೋಡಿ ಬರೆಯಲಿ, ಇಲ್ಲವಾದರೆ ಏಳು ವರ್ಷದ ಶಿಕ್ಷೆಯವನು ಏಳು ವರ್ಷವೂ ಛಡಿಯೇಟು ತಿಂದ ಹಾಗೆ ಕಾಣುತ್ತದೆ.

ಪ್ರಶ್ನೆ: ಅಲ್ಲಿನ ಹೊಳೆಯುವ ಚಿಪ್ಪಿನ ಸರ ಪ್ರಸಿದ್ಧವಂತೆ. ಪ್ರವಾಸ ಹೋದಾಗ ದಡದಲ್ಲಿ ಆರಿಸಿ ತಂದು ನಾವೇ ಪೋಣಿಸಬಹುದೇ? ಹಾಗೇ, ‘ಮಟನ್‌ಬರ್ಡ್’ ಎಂದರೆ ಕುರಿಯೋ ಹಕ್ಕಿಯೋ?
– ಓದುಗರು, ಕುಮಟಾ

ಉತ್ತರ: ತರಬೇಡಿ. ರಾಷ್ಟ್ರೀಯ ಉದ್ಯಾನಗಳ ದಡದಿಂದ ಚಿಪ್ಪು ಎತ್ತುವಂತಿಲ್ಲ, ಮೂಲನಿವಾಸಿಗಳು ತಿಂದೆಸೆದ ಚಿಪ್ಪಿನ ಹಳೆಯ ದಿಬ್ಬಗಳನ್ನು ಕೆದಕಿದರೆ ಅಪರಾಧ. ತಂದರೂ ಉಪಯೋಗವಿಲ್ಲ. ದಡಕ್ಕೆ ಬಂದು ಬಿದ್ದ ಚಿಪ್ಪು ಬಿಸಿಲಿಗೆ ಬಿಳಿಚಿ ಹೊಳಪು ಕಳೆದುಕೊಂಡಿರುತ್ತದೆ. ‘ಮೈರೀನರ್’ ಎಂಬ ಆ ಚಿಪ್ಪನ್ನು ನೀರು ತೀರಾ ಇಳಿದ ಹೊತ್ತಿನಲ್ಲಿ ಕಡಲಸಸ್ಯದ ಮೇಲೆ ಜೀವಂತವಿರುವಾಗಲೇ ಆರಿಸುತ್ತಾರೆ. ಒಳಗಿನ ಮಾಂಸ ಕೊಳೆತು ಹೋಗಲು ವಾರಗಟ್ಟಲೆ ಬಿಟ್ಟು, ತೊಳೆದು, ಮೇಲಿನ ಕಂದುಪದರ ತೆಗೆದ ಮೇಲೆ ನೀಲಿ ಹಸಿರು ಮಿಂಚು ಕಾಣುತ್ತದೆ. ಆಮೇಲೆ ಗಾತ್ರ ಬೇರ್ಪಡಿಸಿ, ಒಂದೊಂದಕ್ಕೂ ತೂತು ಮಾಡಿ ಪೋಣಿಸುವುದು. ಹಿಂದೆ ತೂತಿಗೆ ಪ್ರಾಣಿಯ ಹಲ್ಲು, ದಾರಕ್ಕೆ ಕಾಂಗರೂ ನರ. ಟ್ರುಗನಿನಿಯ ಫೋಟೋಗಳಲ್ಲಿ ಕೊರಳಲ್ಲಿರುವುದು ಇದೇ ಸರ. ಇದು ಕೇಪ್ ಬ್ಯಾರನ್ ಮತ್ತು ಫ್ಲಿಂಡರ್ಸ್ ದ್ವೀಪಗಳ ಹೆಂಗಸರು ಒಂದು ತಲೆಮಾರೂ ಬಿಡದೆ ನಡೆಸಿಕೊಂಡು ಬಂದ ವಿದ್ಯೆ. ಅವರ ಕೈಯಿಂದಲೇ ಕೊಳ್ಳಿ. ಬೆಲೆ ಹೆಚ್ಚೆನಿಸಿದರೆ ಮೇಲಿನ ಕೆಲಸವನ್ನು ಇನ್ನೊಮ್ಮೆ ಓದಿ.

ಮಟನ್‌ಬರ್ಡ್ ಹಕ್ಕಿಯೇ, ಪಲವ ಮಾತಿನಲ್ಲಿ ‘ಯೂಲ’. ಉತ್ತರ ಪೆಸಿಫಿಕ್‌ವರೆಗೆ ಹೋಗಿಬರುವ ಕಡಲಹಕ್ಕಿ, ದ್ವೀಪಗಳ ಮಣ್ಣಿನ ಬಿಲದಲ್ಲಿ ಒಂದೇ ಮೊಟ್ಟೆ ಇಡುತ್ತದೆ. ಏಪ್ರಿಲ್ ಹೊತ್ತಿಗೆ ಮರಿ ತಾಯಿಗಿಂತ ತೂಕವಾಗಿ, ಬರೀ ಕೊಬ್ಬಾಗಿರುತ್ತದೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ಮರಿ ಹಿಡಿಯುವ ಕಾಲ. ನೆಲಕ್ಕೆ ಮಲಗಿ, ಭುಜದವರೆಗೆ ತೋಳನ್ನು ಬಿಲಕ್ಕೆ ತೂರಿಸಬೇಕು. ಬೆರಳಿಗೆ ಬೆಚ್ಚಗೆ ತಾಕಿದರೆ ಮರಿ, ತಣ್ಣಗೆ ತಾಕಿದರೆ ಟೈಗರ್ ಹಾವು. ಹಿಡಿದವನ್ನು ಕೋಲಿಗೆ ಕೊಕ್ಕಿನಿಂದ ಪೋಣಿಸಿ ಹೊತ್ತು ತಂದು, ಎಣ್ಣೆ ಹಿಂಡಿ, ಗರಿ ಕಿತ್ತು, ಬಿಸಿನೀರಿಗದ್ದಿ, ಸೀಳಿ ಉಪ್ಪು ಹಾಕುತ್ತಾರೆ. ಕೆಲವು ಹಕ್ಕಿದ್ವೀಪಗಳು 1995ರ ಭೂ ಕಾಯ್ದೆಯಲ್ಲಿ ಅವರಿಗೆ ವಾಪಸು ಸಿಕ್ಕವು. ಅದೇ ಕಾಯ್ದೆಯಲ್ಲಿ ರಿಸ್ಡನ್ ಕೋವ್, ಆಯ್ಸ್ಟರ್ ಕೋವ್ ಕೂಡ ಮರಳಿದವು.

ಪ್ರಶ್ನೆ: ಅಲ್ಲಿನ ಬೋರ್ಡುಗಳಲ್ಲಿ ಒಂದೇ ಬೆಟ್ಟಕ್ಕೆ ಎರಡು ಹೆಸರು, ಒಂದು ಪೂರ್ತಿ ಸಣ್ಣಕ್ಷರದಲ್ಲಿ. ಮುದ್ರಣದೋಷವೇ?
– ಕರಡು ತಿದ್ದುವವರು, ಮೈಸೂರು

ಉತ್ತರ: ದೋಷವಲ್ಲ. ಚದುರಿಹೋದ ಹಲವು ಭಾಷೆಗಳ ಪದಪಟ್ಟಿಗಳನ್ನು ಕೂಡಿಸಿ ಟ್ಯಾಸ್ಮೇನಿಯನ್ ಅಬಾರಿಜಿನಲ್ ಸೆಂಟರ್ 1990ರ ದಶಕದಿಂದ ಕಟ್ಟುತ್ತಿರುವ ಭಾಷೆ ‘ಪಲವ ಕಾನಿ’. ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬಳಸುವುದಿಲ್ಲ. ಹೋಬಾರ್ಟ್‌ನ ಹಿಂದಿನ ಬೆಟ್ಟ 2013ರಿಂದ ‘ಕುನಾನ್ಯಿ / ಮೌಂಟ್ ವೆಲ್ಲಿಂಗ್ಟನ್’. ಶ್ರೀರಂಗಪಟ್ಟಣದಲ್ಲಿ ಕಾದಾಡಿದ ಅದೇ ವೆಲ್ಲಿಂಗ್ಟನ್! ದೊಡ್ಡಕ್ಷರ ಚಿಕ್ಕಕ್ಷರದ ತಕರಾರು ನಮ್ಮ ಲಿಪಿಗಿಲ್ಲ, ಹಾಗಾಗಿ ಕನ್ನಡದಲ್ಲಿ ಬರೆಯುವುದು ಸಲೀಸು. ಎರಡೂ ಹೆಸರನ್ನು, ಮೂಲದ್ದನ್ನು ಮೊದಲು, ನಡುವೆ ಓರೆಗೆರೆ ಹಾಕಿ ಬರೆಯಿರಿ. ‘ಟ್ಯಾಸ್ಮೇನಿಯಾ’ ಎಂಬುದೂ ಹಳೆಯದೇನಲ್ಲ. 1642ರಲ್ಲಿ ಏಬೆಲ್ ಟ್ಯಾಸ್ಮನ್ ಇಟ್ಟದ್ದು ಡಚ್ ಗವರ್ನರ್ ವಾನ್ ಡೀಮನ್‌ನ ಹೆಸರನ್ನು. ಕೈದಿಗಳ ಕುಖ್ಯಾತಿ ತೊಳೆಯಲು 1856ರ ಜನವರಿ 1ರಿಂದ ಹೆಸರು ಬದಲಿಸಿದರು.

ಪ್ರಶ್ನೆ: ಎರಡೇ ದಿನ ಸಮಯವಿದೆ. ಇದರಲ್ಲಿ ಏನನ್ನು ಕಣ್ಣಾರೆ ನೋಡಬಹುದು?
– ಓದುಗ ದಂಪತಿ, ಬೆಂಗಳೂರು

ಉತ್ತರ: ಒಂದು ದಿನ ಪೋರ್ಟ್ ಆರ್ಥರ್. ಹೋಬಾರ್ಟ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ, ದಾರಿಯಲ್ಲಿ ನಾಯಿಸಾಲಿನ ಈಗಲ್‌ಹಾಕ್ ನೆಕ್ ಸಿಗುತ್ತದೆ. ಇನ್ನೊಂದು ದಿನ ದಕ್ಷಿಣಕ್ಕೆ ಕೆಟರಿಂಗ್‌ಗೆ ಹೋಗಿ. ಅದರ ಪಕ್ಕದಲ್ಲೇ ಆಯ್ಸ್ಟರ್ ಕೋವ್, ಈಗಿನ ಹೆಸರು ‘ಪುಟಲೀನ’. ಅದು ಮೂಲನಿವಾಸಿಗಳ ಸ್ವಂತ ಜಾಗ, ಕರೆಯದೆ ಒಳಗೆ ಹೋಗಬೇಡಿ. ಕೆಟರಿಂಗ್‌ನಲ್ಲಿ ಕಾರನ್ನು ಲಾಂಚಿಗೆ ಹತ್ತಿಸಿ ಬ್ರೂನಿ ದ್ವೀಪಕ್ಕೆ ದಾಟಿ, ಇಪ್ಪತ್ತು ನಿಮಿಷದ ಹಾದಿ. ಟ್ರುಗನಿನಿ ಹುಟ್ಟಿದ್ದು ಆ ದ್ವೀಪದ ಸೀಮೆಯಲ್ಲಿ. ದ್ವೀಪದ ನಡುವಿನ ಸಣ್ಣ ಭೂಕಂಠದ ಮೇಲೆ ಮರದ ಮೆಟ್ಟಿಲು ಹತ್ತಿದರೆ ಆಕೆಯ ಸ್ಮಾರಕ ಫಲಕವಿದೆ, ಎರಡೂ ಕಡೆ ನೀರು ಕಾಣುತ್ತದೆ. ಲಾಂಚಿನಲ್ಲಿ ನೀವು ದಾಟಿದ್ದೇ ಡೆಂಟ್ರಕಾಸ್ಟೊ ಕಾಲುವೆ. ಸಂಜೆಯ ಕೊನೆಯ ಲಾಂಚು ಎಷ್ಟು ಗಂಟೆಗೆ ಎಂದು ಹೋಗುವಾಗಲೇ ಕೇಳಿಕೊಳ್ಳಿ.